ರೈಲು ಹತ್ತಿಸುವ ಚಟ

ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು. ನನಗೆ ಊರಿಗೆ ಹೊರಟವರನ್ನು ಸೀ ಆಫ್ ಮಾಡುವ ಚಟ. ಹೊರಟವರು ನೆಂಟರೇ ಆಗಬೇಕೆಂದಿಲ್ಲ. ಯಾರ ಮನೆ ಮುಂದಾದರೂ ಆಟೋ ನಿಂತು, ಬಾಗಿಲಲ್ಲಿ ಸೂಟ್‌ಕೇಸ್ ಕಂಡರೆ ಸಾಕು, ನನ್ನ ಕಾಲು ಚಪ್ಪಲಿ ಹುಡುಕುತ್ತದೆ. ಮ್ಯಾಕ್ಸ್ ಬೀರ್‌ಬಾಮ್‌ನ ಪ್ರಬಂಧವೊಂದರಲ್ಲಿ ನಟನೊಬ್ಬ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಗುರುತುಪರಿಚಯವಿಲ್ಲದ ಅಮೆರಿಕನ್ನರನ್ನು ಕಣ್ತುಂಬಿಕೊಂಡು ಕಳಿಸಿಕೊಡುತ್ತಾನೆ. ಅವನಿಗೆ ಅದಕ್ಕೆ ದುಡ್ಡು ಸಿಗುತ್ತದೆ. ನಾನೋ, 10 ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್ಟಿಗೂ ಕೈಯಿಂದಲೇ ಹಾಕುತ್ತೇನೆ.

ಕಷ್ಟವೇನೆಂದರೆ, ಹೇಳುವುದನ್ನೆಲ್ಲ ಮನೆಯಲ್ಲೇ ಹೇಳಿ ಮುಗಿಸಿರುತ್ತೇವೆ. ‘ತಲುಪಿದ ಕೂಡಲೇ ಫೋನ್ ಮಾಡಿ’ ಎಂಬ ಒಂದೇ ಮಾತನ್ನು ಗಾಲಿ ಉರುಳುವಾಗ ಹೇಳೋಣವೆಂದು ಉಳಿಸಿಕೊಂಡಿರುತ್ತೇನೆ. ಗಾಲಿ ಉರುಳುವುದಿಲ್ಲ.

ಹೆಂಡತಿಯ ಚಿಕ್ಕಪ್ಪ ಧಾರವಾಡಕ್ಕೆ ಹೊರಟ ರಾತ್ರಿ ಹೀಗೇ ಆಯಿತು. ಎ.ಸಿ. ಬೋಗಿಯ ಕಿಟಕಿಯೊಳಗೆ ಮಾವ, ಹೊರಗೆ ನಾನು. ಹೊರಡುವ ಹೊತ್ತಾಯಿತೆಂದು ಕೈಯೆತ್ತಿದೆ. ಅವರೂ ಎತ್ತಿದರು. ರೈಲು ಕದಲಲಿಲ್ಲ. ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆ? ತಲೆ ಕೆರೆದುಕೊಂಡೆ. ಅಷ್ಟರಲ್ಲಿ ಮಾವ ಏನೋ ಅಂದರು. ಗಾಜಿನ ಆಚೆ ತುಟಿ ಆಡಿತೇ ಹೊರತು ದನಿ ಬರಲಿಲ್ಲ. ‘ಆಂ?’ ಅಂದೆ. ಅವರು ಮಣಿಕಟ್ಟು ತಟ್ಟಿ ತೋರಿಸಿದರು. ಅಯ್ಯೋ, ವಾಚು ನಮ್ಮಲ್ಲೇ ಮರೆತಿದ್ದಾರೆ! ಕೊರಿಯರ್ ಮಾಡುತ್ತೇನೆಂದು ಗಾಳಿಯಲ್ಲೇ ಲಕೋಟೆ ಅಂಟಿಸಿ, ವಿಳಾಸ ಬರೆದು ತೋರಿಸಿದೆ. ಮಾವ ತಲೆಯಾಡಿಸಿ, ಮುಷ್ಟಿ ಹಿಡಿದು ತಿರುಪಿದರು. ಬೀಗ! ಜೇಬಿನಿಂದ ಕೀ ಗೊಂಚಲು ತೆಗೆದು ಅಲ್ಲಾಡಿಸಿದೆ. ಅದೂ ಅಲ್ಲ. ಅಂಗೈಯನ್ನು ಕೆನ್ನೆಗಿಟ್ಟುಕೊಂಡರು. ಹಲ್ಲುನೋವು. ನಾನು ಬಾಯಿ ತೆರೆದು, ಯಾವ ಹಲ್ಲೆಂದು ಬೆರಳಿಟ್ಟು ಕೇಳಿದೆ. ಎದುರು ಸೀಟಿನ ಹೆಂಗಸಿಗೆ ನನ್ನ ಮೇಲೆ ಕನಿಕರ ಬಂದಿರಬೇಕು, ಅವರೂ ಮುಷ್ಟಿ ತಿರುಪಿದರು. ಮೇಲಿನ ಬರ್ತಿನ ಹುಡುಗ ತಲೆಕೆಳಗಾಗಿ ಇಣುಕಿ, ಎರಡೂ ಕೈಯಲ್ಲಿ ತಿರುಪಿದ. ಅರ್ಧ ಬೋಗಿ ನನಗೆ ಏನನ್ನೋ ಕಲಿಸುತ್ತಿತ್ತು, ನಾನು ಕಲಿಯುತ್ತಿರಲಿಲ್ಲ.

‘ಫೋನ್ ಮಾಡಿ ಸಾರ್’ ಅಂದ, ಟೀ ಮಾರುವವನು.

ಮಾಡಿದೆ. ‘ಏನಿಲ್ರೀ ಅಳಿಯಂದ್ರ, ಹೊತ್ತು ಭಾಳ ಆತು, ಸ್ಕೂಟರ್ ತಗೊಂಡು ಮನೀಗೆ ಹೋಗಿ ಮಲ್ಕೋರಿ ಅಂತ ಹೇಳಾಕತ್ತಿದ್ದೆ’ ಅಂದರು.

ಇಂಗ್ಲಿಷಿನವರು ಅಟ್ಟಿ ಓಡಿಸುವುದಕ್ಕೂ ಸೀ ಆಫ್ ಅಂತಲೇ ಅನ್ನುತ್ತಾರೆಂದು ಮಗಳು ಡಿಕ್ಷನರಿ ತೆಗೆದು ತೋರಿಸಿದ ಮೇಲೆ, ತೌರಿನವರನ್ನು ನಾನು ಇಷ್ಟು ಹುರುಪಿನಿಂದ ರೈಲು ಹತ್ತಿಸುವುದೇಕೆಂದು ಹೆಂಡತಿಗೆ ಅನುಮಾನ ಶುರುವಾಗಿದೆ. ಕ್ರಿಕೆಟ್ಟಿನಲ್ಲಿ ಅದಕ್ಕೆ ಇನ್ನೂ ಒಂದರ್ಥ: ಹೊಸ ಚೆಂಡಿನ ಹೊಳಪು ಹೋಗುವ ತನಕ ವಿಕೆಟ್ ಕೊಡದೆ ನಿಲ್ಲುವುದು. ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದ ನಮ್ಮ ದ್ರಾವಿಡ್ ಅದರಲ್ಲಿ ಗುರು. ಸಿಗ್ನಲ್ ಬೀಳದ ರೈಲಿನ ಮುಂದೆ ನಿಂತಾಗ ನಾನು ನೆನೆಯುವುದು ಅವರನ್ನೇ.

ವಿಮಾನದವರ ವಿಷಯ ಬೇಡ. 2008ರಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಅಷ್ಟು ದೂರ ಹೋದರೂ ಟಿಕೆಟ್ಟಿಲ್ಲದವನು ಬಾಗಿಲ ಹೊರಗೇ. ಈಗಿನ ಹುಡುಗರಂತೂ ‘ಕ್ಯಾಬ್ ಬಂತು ಅಂಕಲ್, ನೀವ್ಯಾಕೆ’ ಎಂದು ಫೋನು ನೋಡುತ್ತಲೇ ಹತ್ತಿಬಿಡುತ್ತಾರೆ. ಒಂದು ಸಲ ಹಿಂದಿರುಗಿ ನೋಡಿದರೆ ಇವರ ಗಂಟೇನು ಹೋಗುತ್ತದೆ?

2020ರ ಮಾರ್ಚಿನಲ್ಲಿ, ಜನ ಸೇರದಿರಲೆಂದು ಹಲವು ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಟಿಕೆಟ್ 50 ರೂಪಾಯಿಯಾಯಿತು. ನಾನು ರೇಗಾಡಿದ್ದೆ. ಮರುವರ್ಷ ಎದುರು ಮನೆಯ ಮೇಷ್ಟ್ರನ್ನು ಆ್ಯಂಬುಲೆನ್ಸಿಗೆ ಹತ್ತಿಸುವಾಗ ಗೇಟು ದಾಟಬೇಡಿ ಅಂದರು. ಬಾಲ್ಕನಿಯಿಂದಲೇ ಕೈಯೆತ್ತಿದೆ. ಮೇಷ್ಟ್ರು ಮೇಲೆ ನೋಡಲಿಲ್ಲ, ವಾಪಸೂ ಬರಲಿಲ್ಲ.

ಆ ಮನೆಯಲ್ಲೀಗ ಅವರ ಮಗನಿದ್ದಾನೆ. ಅವನ ಭಾವಮೈದ ನಾಳೆ ಹುಬ್ಬಳ್ಳಿಗೆ ಹೊರಟಿದ್ದಾನೆಂದು ಗೊತ್ತಾಯಿತು.

‘ಅವರಿಗೂ ನಿಮಗೂ ಏನ್ರೀ ಸಂಬಂಧ?’ ಅಂದಳು ಹೆಂಡತಿ.

‘ಲಗೇಜು ತುಂಬಾ ಇದೆಯಂತೆ ಕಣೇ.’

‘ಒಂದೇ ಬ್ಯಾಗು. ಅದೂ ಹೆಗಲಿಗೆ ಹಾಕ್ಕೊಳ್ಳೋದು.’ ಅವಳು ಆಗಲೇ ಹೋಗಿ ನೋಡಿ ಬಂದಿದ್ದಳು.