ರಾಯರ ವಿಮಾನ, ಪದ್ಮಮ್ಮನ ಊದುಬತ್ತಿ

(ಬೆಂಗಳೂರಿನ ವಿಜಯನಗರದಲ್ಲಿ ಎರಡನೇ ಮಹಡಿಯ ಮನೆ. ಬ್ಯಾಂಕಿನಿಂದ ನಿವೃತ್ತರಾದ ರಾಯರು ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸಿ ಮುಗಿಸಿದ್ದಾರೆ. ಇನ್ನು ಬಣ್ಣ ಹೊಡೆಯುವುದೊಂದು ಬಾಕಿ. ಕರೆಂಟ್ ಕೆಲಸದ ಮಂಜುನಾಥ ಏಣಿ ಹೊತ್ತು ಬಂದಿದ್ದಾನೆ.)

ಮಂಜುನಾಥ: ಎಲ್ಲಿ ಸಾರ್ ವಿಮಾನ?

ರಾಯರು: (ಅಂಗೈ ಮೇಲಿಟ್ಟು) ಇದೇ ಕಣಪ್ಪಾ. ನಮ್ಮ ಎಚ್‌ಎಎಲ್‌ನ ಮಾರುತ್. 1961ರಲ್ಲಿ ಇದೇ ಬೆಂಗಳೂರಲ್ಲಿ ಮೊದಲು ಹಾರಿದ್ದು. 1:72ರ ಅಳತೆಗೆ ಒಂದು ಗೇಣು ಬರುತ್ತೆ.

ಮಂಜುನಾಥ: ಇದಕ್ಕೆ ಏಣಿ ತರಿಸಿದ್ರಾ!

ಪದ್ಮಮ್ಮ: ಏಣಿ ಇರಲಿ, ಉಪಾಯ ಹೇಳಪ್ಪಾ. ಮೊನ್ನೆ ಅಡುಗೆಮನೇಲಿ ನಿಂತು ಪುಸ್ ಅನ್ನಿಸಿದ್ರು. ವಿಮಾನ ಎಷ್ಟು ಹಸಿರಾಯ್ತೋ ಕಾಣೆ, ದೋಸೆಹಿಟ್ಟಿನ ಡಬ್ಬಿ ಮಾತ್ರ ಪೂರ್ತಿ ಆಯ್ತು. ಸಂಜೇವರೆಗೂ ನನಗೆ ತಲೆನೋವು.

ರಾಯರು: ಚಿಮಣಿ ಹಾಕಿದ್ನಲ್ಲೇ!

ಮಂಜುನಾಥ: ಒಲೆ ಮುಂದೇನಾ ಸಾರ್? ಆ ಸ್ಪ್ರೇ ಡಬ್ಬಿಯೊಳಗೆ ಬಣ್ಣ ತಳ್ಳೋದು ಸಾಮಾನ್ಯವಾಗಿ ಸಿಲಿಂಡರಲ್ಲಿರೋ ಜಾತಿಯ ಗ್ಯಾಸೇ. ಥಿನ್ನರ್ ಆವಿ ಬೇರೆ ಗಾಳಿಗಿಂತ ಭಾರ, ನೆಲದ ಮೇಲೇ ಹರಿದಾಡುತ್ತೆ. ಪಕ್ಕದಲ್ಲೇ ದೇವರ ದೀಪ.

ಪದ್ಮಮ್ಮ: ಕೇಳಿಸ್ಕೊಂಡ್ರಾ?

ರಾಯರು: ಹಾಗಾದ್ರೆ ನನ್ನದೇ ಯೋಜನೆ. ಒಂದು ರಟ್ಟಿನ ಪೆಟ್ಟಿಗೆ, ಹಿಂದೊಂದು ತೂತು, ಅದಕ್ಕೆ ಹಳೇ ವ್ಯಾಕ್ಯೂಮ್ ಕ್ಲೀನರ್.

ಮಂಜುನಾಥ: ಪೆಟ್ಟಿಗೆ ಸರಿ. ವ್ಯಾಕ್ಯೂಮ್ ಬೇಡ ಸಾರ್. ಅದರ ಮೋಟಾರಲ್ಲಿ ಕಾರ್ಬನ್ ಬ್ರಷ್ ಇರುತ್ತೆ, ಕಿಡಿ ಹಾರುತ್ತೆ. ಬ್ರಷ್ ಇಲ್ಲದ ಡಕ್ಟ್ ಫ್ಯಾನ್ ತರ್ತೀನಿ. ಹಿಂದೆ ಫಿಲ್ಟರ್, ಅದರ ಹಿಂದೆ ಫ್ಯಾನು, ಅಲ್ಲಿಂದ ಕಿಟಕಿಗೆ ಪೈಪು. ಸ್ವಿಚ್ ದೂರ ಇರ್ಲಿ. ಮೊದಲು ಫ್ಯಾನು, ಆಮೇಲೆ ಬಣ್ಣ.

ರಾಯರು: ಎಷ್ಟು ಶಕ್ತಿಯದು ಬೇಕು? ಲೆಕ್ಕ ಹೇಳು. ಮೂವತ್ತೈದು ವರ್ಷ ಲೆಕ್ಕ ನೋಡಿದೋನು ನಾನು.

ಮಂಜುನಾಥ: ಪೆಟ್ಟಿಗೆಯ ಬಾಯಿ ಒಂದೂವರೆ ಅಡಿಗೆ ಒಂದಡಿ ಅನ್ನಿ. ಬಾಯಲ್ಲಿ ಗಾಳಿ ನಿಮಿಷಕ್ಕೆ 100 ಅಡಿ ವೇಗದಲ್ಲಿ ಒಳಗೆ ಹೋಗ್ಬೇಕು. ಅಂದ್ರೆ ನಿಮಿಷಕ್ಕೆ 150 ಘನ ಅಡಿ.

ರಾಯರು: ಹಾಗಾದ್ರೆ 150ರದೇ ಕೊಡು.

ಮಂಜುನಾಥ: ಫಿಲ್ಟರು ಸ್ವಲ್ಪ ತಿನ್ನುತ್ತೆ, ಪೈಪಿನ ಒಂದೊಂದು ತಿರುವೂ ಸ್ವಲ್ಪ ತಿನ್ನುತ್ತೆ. 300ರದು ಹಾಕಿದ್ರೆ ಕೈಗೆ 150 ಸಿಗಬಹುದು.

ಪದ್ಮಮ್ಮ: ಇವರ ಪೆನ್ಷನ್ನೂ ಹಾಗೇ ಅಪ್ಪಾ.

(ಶನಿವಾರ ಎಲ್ಲ ಕೂರಿಸಿದ್ದಾಯ್ತು. ಜಾರುವ ಕಿಟಕಿಗೆ ಪ್ಲೈವುಡ್ ಪಟ್ಟಿ, ಅದರಲ್ಲಿ ದುಂಡಗಿನ ತೂತು, ಹೊರಗೆ ಸೊಳ್ಳೆಜಾಲರಿ. ಕೋಣೆಯ ಬಾಗಿಲು ಭದ್ರ ಮುಚ್ಚಿದೆ. ವಾಸನೆ ಮನೆಗೆ ಬರಬಾರದೆಂದು ರಾಯರು ಸಂದಿಗೆ ಟವೆಲ್ ಕೂಡ ತುರುಕಿದ್ದಾರೆ. ಬಣ್ಣ, ಥಿನ್ನರ್ ಇನ್ನೂ ಆಚೆ ಕೋಣೆಯಲ್ಲೇ ಇವೆ.)

ಪದ್ಮಮ್ಮ: ತಡೀರಿ. (ಊದುಬತ್ತಿ ಹಚ್ಚಿ ಪೆಟ್ಟಿಗೆಯ ಬಾಯಿಗೆ ಹಿಡಿಯುತ್ತಾರೆ. ಹೊಗೆ ಒಳಗೂ ಹೋಗದೆ ಹೊರಗೂ ಹೋಗದೆ ರಾಯರ ಕನ್ನಡಕದ ಮುಂದೆ ಸುತ್ತುತ್ತದೆ.)

ರಾಯರು: (ಕೆಮ್ಮುತ್ತಾ) ಫ್ಯಾನ್ ಕಳಪೆ ಕಣಯ್ಯಾ!

ಪದ್ಮಮ್ಮ: ಫ್ಯಾನಲ್ಲರೀ, ನಿಮ್ಮ ಟವೆಲ್ಲು. ಒಳಗೆ ಗಾಳಿ ಬರದೆ ಹೊರಗೆ ಏನನ್ನ ತಳ್ಳುತ್ತೆ ಅದು?

ರಾಯರು: ಹಾಗಾದ್ರೆ ಪಕ್ಕದ ಕಿಟಕಿ ತೆಗೀತೀನಿ.

ಮಂಜುನಾಥ: ಅದು ಬೇಡ ಸಾರ್, ಆಚೆ ಹೋಗಿದ್ದೇ ಅಲ್ಲಿಂದ ವಾಪಸ್ ಬರುತ್ತೆ. ಎದುರಿನ ಬಾಗಿಲು ತೆಗೀರಿ, ಹಾಲಿನ ಕಿಟಕಿ ತೆಗೀರಿ.

(ಟವೆಲ್ ಹೋಯಿತು, ಬಾಗಿಲು ತೆರೆಯಿತು. ಹೊಗೆ ಗೆರೆ ಎಳೆದ ಹಾಗೆ ಪೆಟ್ಟಿಗೆಯೊಳಗೆ ನುಗ್ಗಿತು. ಇಷ್ಟು ಅಗ್ಗದ ಪರೀಕ್ಷಾ ಯಂತ್ರ ಯಾವ ಅಂಗಡಿಯಲ್ಲೂ ಸಿಗದು. ಪದ್ಮಮ್ಮ ಊದುಬತ್ತಿಯನ್ನು ನೀರಿನಲ್ಲಿ ಅದ್ದಿ ಆರಿಸಿದ ಮೇಲೆಯೇ ಬಣ್ಣ ಒಳಗೆ ಬಂದದ್ದು.)

ರಾಯರು: ಇನ್ನು ಮಾಸ್ಕ್. ಕೊರೊನಾ ಕಾಲದ ಎನ್-95 ಒಂದು ಡಬ್ಬಿ ಉಳಿದಿದೆ.

ಮಂಜುನಾಥ: ಅದು ಹನಿ, ಧೂಳು ತಡೆಯುತ್ತೆ, ಥಿನ್ನರ್ ಆವಿ ತಡೆಯಲ್ಲ. ನಮ್ಮ ಭಾವ ಗ್ಯಾರೇಜಲ್ಲಿ ಪೇಂಟರ್ ಸಾರ್, ಅವನ ಮಾಸ್ಕಿಗೆ ಎರಡು ಕಡೆ ಇದ್ದಿಲಿನ ಡಬ್ಬಿ ಇರುತ್ತೆ, ಮೇಲೆ ಧೂಳಿನ ಫಿಲ್ಟರು. ಅಂಥದ್ದು ತಗೊಳ್ಳಿ. ಆದ್ರೆ... (ರಾಯರ ಗಡ್ಡ ನೋಡಿ ಸುಮ್ಮನಾಗುತ್ತಾನೆ.)

ರಾಯರು: ಆದ್ರೆ ಏನು?

ಮಂಜುನಾಥ: ಗಡ್ಡ ಇದ್ರೆ ಮಾಸ್ಕ್ ಮುಖಕ್ಕೆ ಕೂರಲ್ಲ. ಸಂದಿಯಲ್ಲಿ ಎಲ್ಲಾ ಒಳಗೆ ಬರುತ್ತೆ.

ಪದ್ಮಮ್ಮ: (ಮುಖವರಳಿ) ರಿಟೈರ್ ಆದಾಗಿಂದ ಹೇಳ್ತಿದ್ದೆ! ಮಂಜುನಾಥಾ, ಕಾಫಿ ಕುಡಿದು ಹೋಗಪ್ಪಾ.

ರಾಯರು: ಗಡ್ಡ ಋಷಿಗಳ ಲಕ್ಷಣ ಕಣೇ.

ಪದ್ಮಮ್ಮ: ಋಷಿಗಳು ವಿಮಾನಕ್ಕೆ ಬಣ್ಣ ಹೊಡೀತಿರ್ಲಿಲ್ಲ.

ರಾಯರು: ಆಗಲಿ, ಬೋಳಿಸ್ತೀನಿ. ಅಂದಹಾಗೆ ನಿಮ್ಮ ಭಾವ ಕಾರಿಗೆ ಹೊಡೀತಾನಲ್ಲ, ಹಾರ್ಡ್‌ನರ್ ಬೆರೆಸೋ ಹೊಳಪಿನ ಬಣ್ಣ, ಅದನ್ನ ಸ್ವಲ್ಪ ಕೊಡಿಸ್ತೀಯಾ?

ಮಂಜುನಾಥ: ಅದು ಮನೆಗೆ ಬೇಡವೇ ಬೇಡ ಸಾರ್. ಅದರ ಹಾರ್ಡ್‌ನರಲ್ಲಿ ಐಸೊಸಯನೇಟ್ ಅಂತ ಇರುತ್ತೆ, ಆಸ್ತಮಾ ತರಿಸುತ್ತೆ. ಅದಕ್ಕೆ ಹೊರಗಿಂದ ಪೈಪಲ್ಲಿ ಗಾಳಿ ಕೊಡೋ ಮಾಸ್ಕ್ ಬೇಕು. ನೀವು ನೀರಿನ ಆಕ್ರಿಲಿಕ್ ಹೊಡೀರಿ, ವಾಸನೆ ಕಮ್ಮಿ. ಹಾಗಂತ ಮಾಸ್ಕ್ ತೆಗೀಬೇಡಿ, ಹನಿ ಹನಿಯೇ.

ಪದ್ಮಮ್ಮ: ಹೊಡೆದಾದ್ಮೇಲೆ ವಿಮಾನ ಮಂಚದ ಪಕ್ಕ ಒಣಗಲಿ ಅಂತಿದ್ರು.

ಮಂಜುನಾಥ: ಒಣಗೋವಾಗಲೂ ಆವಿ ಬರ್ತಾನೇ ಇರುತ್ತಮ್ಮಾ. ಪೆಟ್ಟಿಗೆಯೊಳಗೇ ಬಿಡಿ, ಫ್ಯಾನು ಓಡ್ತಿರ್ಲಿ.

ರಾಯರು: ಕರೆಂಟ್ ಬಿಲ್ಲು?

ಮಂಜುನಾಥ: 60 ವಾಟಿನ ಫ್ಯಾನು ಸಾರ್. ದಿನಾ ಒಂದು ಗಂಟೆ ಓಡಿಸಿದ್ರೂ ತಿಂಗಳಿಗೆ ಎರಡು ಯೂನಿಟ್ ಆಗಲ್ಲ.