ಕಾಮಾ ಮೇಷ್ಟ್ರು

ಪ್ರತಿ ಬಡಾವಣೆಯಲ್ಲೂ ಜಾತಕ ನೋಡುವವರೊಬ್ಬರು, ಬಿ.ಪಿ. ನೋಡುವವರೊಬ್ಬರು ಇರುತ್ತಾರಲ್ಲ, ಇಂಗ್ಲಿಷ್ ನೋಡುವವರೂ ಒಬ್ಬರು ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ಆಫೀಸಿನ ಡ್ರಾಫ್ಟು ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡ ಸೂಪರಿಂಟೆಂಡೆಂಟು, ಇಲ್ಲವೇ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಪಾಲಿಗೆ ಬಂದಿರುವವರು ಮೇಷ್ಟ್ರು. ಜೇಬಿನಲ್ಲಿ ಸದಾ ಚೂಪಾದ ಪೆನ್ಸಿಲ್. ಕೆಂಪು ಶಾಯಿ ಯಾಕಿಲ್ಲ ಎಂದರೆ, "ಅದು ಫೇಲ್ ಮಾಡೋಕೆ. ರಿಟೈರ್ ಆದಮೇಲೆ ಆ ಅಧಿಕಾರ ನನಗಿಲ್ಲ" ಎನ್ನುತ್ತಾರೆ, ಸ್ವಲ್ಪ ನೊಂದುಕೊಂಡೇ.

ಮದುವೆಗೆ ಕರೆಯಲು ಅವರ ಮನೆಗೆ ಹೋದವರಿಗೆ ಮೊದಲು ಕಾಫಿ, ಆಮೇಲೆ ಪ್ರೂಫು. ಅರಿಸಿನ ಹಚ್ಚಿದ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹುಡುಗ ಯಾವ ಊರಿನವನು, ಛತ್ರ ಎಲ್ಲಿ, ಊಹುಂ, ಏನೂ ಕೇಳುವುದಿಲ್ಲ. ಅವನ ಬಿ.ಇ.ಗೂ ಎಂ.ಎಸ್.ಗೂ ನಡುವೆ ಬಿಟ್ಟುಹೋದ ಕಾಮಾವನ್ನು ಇಟ್ಟು ಪತ್ರಿಕೆ ವಾಪಸು ಕೊಡುತ್ತಾರೆ. "ಎಲ್ಲ ಹಂಚಿ ಆಯ್ತಲ್ಲ ಮೇಷ್ಟ್ರೇ" ಎಂದು ಅಲವತ್ತುಕೊಂಡರೆ, "ಪರವಾಗಿಲ್ಲ, ಎರಡನೇ ಮಗಳ ಮದುವೆಗೆ ಸರಿಮಾಡಿಕೊಳ್ಳಿ."

ಅವರ ಆಧಾರಗ್ರಂಥ ರೆನ್ ಅಂಡ್ ಮಾರ್ಟಿನ್ ಜೋಡಿಯ ಇಂಗ್ಲಿಷ್ ವ್ಯಾಕರಣ. ಆ ಪಿ.ಸಿ. ರೆನ್ 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಲೋಕವಿಖ್ಯಾತನಾದವನು. ಮೇಷ್ಟ್ರ ಲೆಕ್ಕದಲ್ಲಿ ಅದು ವ್ಯಾಕರಣದಿಂದ ಕದ್ದ ಸಮಯ.

ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಕಾಮಾ ಇಡಬೇಕೆಂದು ನಾವೆಲ್ಲ ಶಾಲೆಯಲ್ಲಿ ಕಲಿತವರು. ಇದನ್ನು ಕೇಳಿದರೆ ಅವರಿಗೆ ಮೈಯೆಲ್ಲ ಉರಿ. "ಹಾಗಾದ್ರೆ ಆಸ್ತಮಾ ಇರೋರು ಏನ್ರೀ ಮಾಡಬೇಕು?" ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಕಂಡರಂತೂ, ಹೊಸ ಗಂಡಹೆಂಡಿರ ನಡುವೆ ಸೋದರತ್ತೆ ಬಂದು ಕೂತ ಹಾಗಾಯ್ತು ಎಂದು ಅದನ್ನು ಉಗುರಿನಿಂದಲೇ ಕೆರೆದು ತೆಗೆಯುತ್ತಾರೆ.

ಬೆಳಗ್ಗೆ ಹಾಲಿನ ಹುಡುಗ ಸಿಕ್ಕಿಬಿದ್ದರೆ ಅವನಿಗೆ ಅಮೆರಿಕದ ಕಥೆ. ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿಯ ಚಾಲಕರು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋದರು. ಓವರ್‌ಟೈಮ್ ಇಲ್ಲದ ಕೆಲಸಗಳ ಪಟ್ಟಿ ಕಾನೂನಿನಲ್ಲಿತ್ತು. ಅದರ ಬಾಲದಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್'. ಶಿಪ್‌ಮೆಂಟ್ ಆದಮೇಲೆ ಕಾಮಾ ಇದ್ದಿದ್ದರೆ ಡಿಸ್ಟ್ರಿಬ್ಯೂಷನ್ ಬೇರೆಯೇ ಕೆಲಸವಾಗಿ, ಹಾಲು ಹಂಚುವ ಚಾಲಕರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಕಾಮಾ ಇರಲಿಲ್ಲ. ಹಾಗಾಗಿ ಎರಡೂ ಪ್ಯಾಕಿಂಗ್‌ಗೇ ಸೇರಿದವು, ನಾವು ಪ್ಯಾಕ್ ಮಾಡುವವರಲ್ಲ ಎಂದು ಅವರ ವಾದ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಕ್ಯವೇ ಅಸ್ಪಷ್ಟವೆಂದು ಹೇಳಿ ಅದರ ಲಾಭವನ್ನು ಚಾಲಕರಿಗೆ ಕೊಟ್ಟಿತು. ಮರುವರ್ಷ ಡೈರಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತೀರ್ಪಿನ ಬಳಿಕ ಅಲ್ಲಿನ ಶಾಸಕರು ಹೆದರಿ ಆ ಪಟ್ಟಿಯ ತುಂಬ ಸೆಮಿಕೋಲನ್ ಸುರಿದರೆಂಬಲ್ಲಿಗೆ ಮೇಷ್ಟ್ರ ಕಣ್ಣು ಒದ್ದೆ. ಹುಡುಗ ಬಾಯಿ ಬಿಟ್ಟುಕೊಂಡು ಕೇಳಿದವನು, "ಅಲ್ಲಿ ಡ್ರೈವರ್ ಕೆಲಸ ಖಾಲಿ ಇದೆಯಾ ಸಾರ್?" ಎಂದ.

ಹೋದ ಬೇಸಿಗೆಯಲ್ಲಿ ಸಂಘದ ಸೆಕ್ರೆಟರಿ ಲಿಫ್ಟಿನ ಪಕ್ಕ ನೋಟಿಸು ಅಂಟಿಸಿದರು: 'ಓನರ್ಸ್, ಹೂ ಹ್ಯಾವ್ ನಾಟ್ ಪೇಯ್ಡ್ ಮೇಂಟೆನೆನ್ಸ್, ವಿಲ್ ನಾಟ್ ಗೆಟ್ ವಾಟರ್.' ಮೇಷ್ಟ್ರು ಪೆನ್ಸಿಲ್ ತೆಗೆದರು. ಕಾಮಾ ಎರಡೂ ಇಲ್ಲದಿದ್ದರೆ ಕಟ್ಟದವರಿಗೆ ಮಾತ್ರ ನೀರಿಲ್ಲ. ಎರಡೂ ಇರುವುದರಿಂದ ಮಾಲೀಕರು ಯಾರೂ ಹಣ ಕಟ್ಟಿಲ್ಲ, ಯಾರಿಗೂ ನೀರಿಲ್ಲ ಎಂದಾಯಿತು. "ಇದರ ಪ್ರಕಾರ ಸೆಕ್ರೆಟರಿಗಳೂ ಬಾಕಿದಾರರೇ."

ಈ ವ್ಯಾಖ್ಯಾನ ನಿಜವಾದ ಬಾಕಿದಾರರ ಕಿವಿಗೆ ಬಿತ್ತು. ವ್ಯಾಕರಣದ ಮೇಲೆ ಅವರಿಗೆ ಅಷ್ಟು ಶ್ರದ್ಧೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸಂಜೆಯಾದರೆ ಮೇಷ್ಟ್ರ ಬೆಂಚಿನ ಸುತ್ತ ಸಭೆ. ಒಬ್ಬರ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ, ಇನ್ನೊಬ್ಬರ ಮನೆಯಿಂದ ಕೋಡುಬಳೆ. ನಾಲ್ಕು ತಿಂಗಳ ಬಾಕಿ ಇಟ್ಟುಕೊಂಡ ಮಹನೀಯರೊಬ್ಬರು, ನೋಟಿಸು ಶುದ್ಧವಾಗುವವರೆಗೆ ಹಣ ಕಟ್ಟುವುದು ಭಾಷೆಗೆ ಮಾಡುವ ದ್ರೋಹವೆಂದು ಸಂಘಕ್ಕೆ ಲಿಖಿತವಾಗಿಯೇ ತಿಳಿಸಿದರು. ಆ ಪತ್ರದಲ್ಲಿ ಮೇಷ್ಟ್ರಿಗೆ ಮೂರು ಕಾಮಾ ಹೆಚ್ಚಾಗಿ ಕಂಡವು. ತಿದ್ದಿ ಕೊಟ್ಟರು. ತಾವು ಮಾತ್ರ ಎಂದಿನಂತೆ ಒಂದನೇ ತಾರೀಕೇ ಚೆಕ್ ಬರೆದಿದ್ದರು.

ಸೆಕ್ರೆಟರಿ ಒಂದು ಕಾಮಾ ತೆಗೆದು ನೋಡಿದರು, ಇನ್ನೊಂದು ಸೇರಿಸಿ ನೋಡಿದರು. ಪ್ರತಿ ಸಲವೂ ಪೆನ್ಸಿಲ್ ಗುರುತು. ಕೊನೆಗೆ ರೋಸಿಹೋಗಿ ಹೊಸ ಹಾಳೆ ಅಂಟಿಸಿದರು: 'ದುಡ್ಡು ಕಟ್ಟದವರಿಗೆ ನೀರಿಲ್ಲ.' ಕಾಮಾಕ್ಕೆ ಎಲ್ಲೂ ಎಡೆಯಿಲ್ಲ. ವಾರದೊಳಗೆ ಅರ್ಧಕ್ಕರ್ಧ ಬಾಕಿ ವಸೂಲಾಯಿತು, ಬೆಂಚಿನ ಬಳಿ ಕೋಡುಬಳೆ ಬರುವುದೂ ನಿಂತಿತು.

ಮೇಷ್ಟ್ರು ಆ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ, ವಾಚ್‌ಮನ್ ಹೇಳಿದ. ನಾನು ಲಿಫ್ಟಿಗೆ ಬಂದಾಗ ಅದರ ಕೆಳಗೆ ಪೆನ್ಸಿಲಿನಲ್ಲಿ ಮುತ್ತಿನಂಥ ಅಕ್ಷರ: 'ಇಂಗ್ಲಿಷ್ ಪ್ರತಿ ಲಗತ್ತಿಸಿಲ್ಲ.'