ಐವತ್ತು ಮಾರು

ಜೂನ್ ಹಿಡಿದು ಮಳೆ ಬಿಡುವವರೆಗೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಎಡ ಮಣಿಕಟ್ಟಿಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿ, ಮೇಲೊಂದು ರಬ್ಬರ್‌ಬ್ಯಾಂಡ್ ಹಾಕಿಕೊಂಡವರು ಕಂಡರೆ, ಪಾಪ, ಕೈಗೇನಾಯಿತೋ ಎಂದು ಮರುಗಬೇಡಿ. ತೊಟ್ಟೆಯೊಳಗಿರುವುದು ಡೈವಿಂಗ್ ವಾಚು. ಸೀಕೋ 6309, ದುಬೈಯಲ್ಲಿದ್ದ ಭಾವ 1980ರ ಸುಮಾರಿಗೆ ತಂದದ್ದು. 150 ಮೀಟರ್ ನೀರಿನಡಿಗೂ ಹೋಗುತ್ತದೆಂದು ಕಂಪೆನಿಯ ಮಾತು. "ಹೋಗ್ತಿತ್ತು" ಎಂದು ಇವರ ತಿದ್ದುಪಡಿ. ಒಳಗಿನ ರಬ್ಬರ್ ವಾಷರ್ ಇಷ್ಟು ವರ್ಷಕ್ಕೆ ಗಟ್ಟಿಯಾಗಿ ಬಿರಿದಿರುತ್ತದೆ. ಹೊಸದು ಹಾಕಿಸಬಹುದು, ಆದರೆ 'ಒರಿಜಿನಲ್' ಹೋಯಿತಲ್ಲ!

ಮನೆ ಮಣಿಪಾಲ, ಬ್ಯಾಂಕಿನಿಂದ ನಿವೃತ್ತರು. ಈಜು ಬಾರದು.

ಈ ವಾಚಿನ ಮರುಳು ಹತ್ತಿದ್ದು ಕಾರ್ಕಳದ ಮೂಲಮನೆ ಪಾಲಾದಾಗ. ಅಣ್ಣ ತೋಟ ಕೇಳಿದರು, ತಮ್ಮ ಗದ್ದೆ ಕೇಳಿದ, ಇವರು ಅಜ್ಜನ ಫೇವರ್ ಲೂಬಾ ಸೀ ಕಿಂಗ್ ಕೇಳಿದರು. ಆ ಸ್ವಿಸ್ ಕಂಪೆನಿ 1865ರಲ್ಲೇ ಮುಂಬೈಗೆ ಬಂದದ್ದು. ನಮ್ಮ ಅಜ್ಜಂದಿರ ಕೈಗೆ ಅದು ಸಿಕ್ಕಿದ್ದು ಹಾಗೆ. ಸೀ ಕಿಂಗ್‌ಗೆ ಸಮುದ್ರದ ನಂಟು ಹೆಸರಿನಲ್ಲಿ ಮಾತ್ರ. ಅದೇ ಕಂಪೆನಿ 1968ರಲ್ಲಿ ಆಳ ಅಳೆಯುವ ಬ್ಯಾಥಿ ವಾಚು ಮಾಡಿತ್ತು. ಅದರ ಚಿತ್ರ ಇವರ ಪರ್ಸಿನಲ್ಲಿ ಕೃಷ್ಣಮಠದ ಪ್ರಸಾದದ ಪೊಟ್ಟಣದ ಪಕ್ಕದಲ್ಲೇ ಇದೆ. ಹಳೆ ವಾಚಿಗೆ ಮುಂಬೈಯಲ್ಲಿ ಹೊಸ ಬಣ್ಣ ಬಳಿದ ಡಯಲನ್ನು ಮಾತ್ರ ಹತ್ತಡಿ ದೂರದಿಂದಲೇ ಹಿಡಿಯುತ್ತಾರೆ: "ಅಕ್ಷರ ದಪ್ಪ ಉಂಟು ನೋಡಿ."

ಇವರ ಪುರಾಣದ ನಾಯಕ ಬ್ಲಾಂಕ್‌ಪೈನ್ ಕಂಪೆನಿಯ ಫೀಶ್ಟರ್. ಫ್ರಾನ್ಸಿನ ಕರಾವಳಿಯಲ್ಲಿ ಮುಳುಗಿದ್ದಾಗ ಹೊತ್ತಿನ ಲೆಕ್ಕ ತಪ್ಪಿ, ಸಿಲಿಂಡರಿನ ಗಾಳಿ ಮುಗಿದು, ಬದುಕಿದ್ದೇ ಹೆಚ್ಚು. 1953ರಲ್ಲಿ 'ಫಿಫ್ಟಿ ಫ್ಯಾದಮ್ಸ್' ವಾಚು ಬಂದದ್ದು ಆ ಹೆದರಿಕೆಯಿಂದ. ಐವತ್ತು ಫ್ಯಾದಮ್ ಅಂದರೆ ಸುಮಾರು 91 ಮೀಟರ್. ಕನ್ನಡದಲ್ಲಿ ಐವತ್ತು ಮಾರು.

"ಮಾರಾ? ಬೆಂಗಳೂರಿನ ಹೂವಿನ ಲೆಕ್ಕವಾ?" ಎಂದರು ಹೆಂಡತಿ. "ಶಂಕರಪುರ ಮಲ್ಲಿಗೆಗಾದ್ರೆ ಚೆಂಡು, ಅಟ್ಟೆ. ನಾನು ಒಂದು ಅಟ್ಟೆ ಕೇಳಿದ್ರೆ ರೇಟು ಜಾಸ್ತಿ ಅಂತೀರಿ."

ಬೇಸಗೆಯ ಒಂದು ಭಾನುವಾರ ಕಾಪುವಿಗೆ ಹೋದರು. 1901ರ ದೀಪಸ್ತಂಭದ ಬುಡದ ಬಂಡೆಯ ಮೇಲೆ, ಪ್ಯಾಂಟು ಮಡಚಿ, ನೀರಿನಿಂದ ಗೌರವದ ದೂರದಲ್ಲಿ ಕುಳಿತರು. ನೀಲಿಕಲ್ಲು ಚಿಪ್ಪು ಕೀಳುವ ಹುಡುಗನೊಬ್ಬ ಬುಳಕ್ಕನೆ ಮೇಲೆದ್ದ. ಕೈಯಲ್ಲಿ ಉಳಿ, ಮಣಿಕಟ್ಟು ಖಾಲಿ.

"ಮುಳುಗುವಾಗ ಈ ಬಳೆ ತಿರುಗಿಸಿ ಮುಳ್ಳಿಗೆ ಸರಿ ಮಾಡ್ಬೇಕು," ಇವರು ತಡೆಯಲಾರದೆ ಪಾಠ ಶುರುಮಾಡಿದರು. "ಆಮೇಲೆ ಎಷ್ಟು ನಿಮಿಷ ಆಯ್ತು ಅಂತ ನೋಡ್ತಾ ಇರುದು. ಈಗಿನ ಡೈವಿಂಗ್ ವಾಚಲ್ಲಾದ್ರೆ ಬಳೆ ಒಂದೇ ದಿಕ್ಕಿಗೆ ತಿರುಗ್ತದೆ. ತಪ್ಪಿ ತಾಗಿದ್ರೂ ಹೊತ್ತು ಜಾಸ್ತಿಯೇ ತೋರಿಸ್ತದೆ, ಕಡಿಮೆ ತೋರಿಸುದಿಲ್ಲ. ವಾಚಿಲ್ಲದೆ ಮೇಲೆ ಬರುವ ಹೊತ್ತು ನಿನಗೆ ಹೇಗೆ ಗೊತ್ತಾಗ್ತದೆ?"

"ಉಸಿರು ಕಟ್ತದಲ್ಲ ಸರ್."

ಅಷ್ಟರಲ್ಲಿ ತೆರೆಯೊಂದು ಬಂಡೆಗೆ ಬಡಿದು ನಾಲ್ಕು ಹನಿ ಸಿಡಿಯಿತು. ಇವರು ಗಡಬಡಿಸಿ ಕಿಸೆಯಿಂದ ತೊಟ್ಟೆ ತೆಗೆದರು.

ಹುಡುಗನ ಮುಖ ಅರಳಿತು. "ಒಳ್ಳೆದಾಯ್ತು ಸರ್, ಆ ತೊಟ್ಟೆ ಕೊಡಿ. ನೀಲಿಕಲ್ಲು ಹಾಕ್ಲಿಕ್ಕೆ ಏನೂ ತರ್ಲಿಲ್ಲ."